ಸಂಬಳದ ಒಂದು ಪಾಲು ತಿಂಗಳು ತಿಂಗಳು ಕೊಟ್ಟುಬಿಡುವುದು: ಮೂರು ವರ್ಷ ಬಳಸಿದವನ ರಿವ್ಯೂ

ಫೋನಿಗೆ, ಚಪ್ಪಲಿಗೆ, ಚಾರ್ಜರ್ ವೈರಿಗೆ ಕೂಡ ರಿವ್ಯೂ ಬರೆಯುತ್ತೇವೆ. ದುಡ್ಡು ಕೊಟ್ಟುಬಿಡುವುದಕ್ಕೆ ಯಾರೂ ಬರೆಯುವುದಿಲ್ಲ. ಬರೆದರೆ ಜಂಬ ಕೊಚ್ಚಿಕೊಂಡ ಹಾಗಾಗುತ್ತದೆ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಬೇರೆ ಹೇಳಿಬಿಟ್ಟಿದ್ದಾರೆ. ನನಗೂ ಮುಜುಗರ ಇದೆ. ಹಾಗಾಗಿ ಎಷ್ಟು ದುಡ್ಡು ಅನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತೇನೆ. ಶುರು ಮಾಡುವ ಮುಂಚೆ ನಾನು ಹುಡುಕಿದ್ದು ಇಂಥದ್ದೇ ಒಂದು ರಿವ್ಯೂ. ಸಿಕ್ಕಿದ್ದೆಲ್ಲ ಒಂದೋ ಉಪದೇಶ, ಇಲ್ಲ ಜಾಹೀರಾತು.

ಮೊದಲು ನಾನು ಹೇಗಿದ್ದೆ ಅಂತ ಹೇಳಬೇಕು. ಜುಗ್ಗ ಅಲ್ಲ, ಆದರೆ ಮೂಡ್ ನೋಡಿಕೊಂಡು ಕೊಡುವವನು. ಯಾರದ್ದೋ ಆಪರೇಷನ್‌ಗೆ ಸಹಾಯ ಮಾಡಿ ಅಂತ ಮೆಸೇಜ್ ಬರುತ್ತದಲ್ಲ, ಅದನ್ನು ತೆರೆದು ಫೋಟೋ ನೋಡುತ್ತಿದ್ದೆ, ಪಾಪ ಅನ್ನಿಸುತ್ತಿತ್ತು, ನಿಜವೋ ಸುಳ್ಳೋ ಅಂತಲೂ ಅನ್ನಿಸುತ್ತಿತ್ತು, ಈ ತಿಂಗಳು ಖರ್ಚು ಜಾಸ್ತಿ ಆಗಿದೆ ಮುಂದಿನ ತಿಂಗಳು ನೋಡೋಣ ಅಂದುಕೊಳ್ಳುತ್ತಿದ್ದೆ, ಕೊನೆಗೆ ಏನೋ ಒಂದಿಷ್ಟು ಕಳಿಸಿ, ಕಳಿಸಿದ್ದು ಕಮ್ಮಿಯಾಯಿತೇನೋ ಅಂತ ಕೊರಗುತ್ತಿದ್ದೆ. ಕಳಿಸದೆ ಸುಮ್ಮನಾದರೂ ಕೊರಗು. ಕೊಟ್ಟರೂ ಸುಖ ಇಲ್ಲ, ಕೊಡದಿದ್ದರೂ ಇಲ್ಲ. ಪ್ರತಿ ಸಲ ನನ್ನ ಜೊತೆ ನಾನೇ ಚೌಕಾಸಿ.

ಈ ಚೌಕಾಸಿ ನಿಲ್ಲಬೇಕಾಗಿತ್ತು. ಪುಣ್ಯ ಗಿಣ್ಯ ಎಲ್ಲ ಆಮೇಲಿನ ಮಾತು.

ಹುಡುಕಿದಾಗ ಸಿಕ್ಕಿದ್ದು ಗಿವಿಂಗ್ ವಾಟ್ ವಿ ಕ್ಯಾನ್ ಅನ್ನುವ ಸಂಸ್ಥೆ. ಹೆಸರಿನ ಅರ್ಥ, ನಮ್ಮ ಕೈಲಾದಷ್ಟು ಕೊಡುವುದು. 2009ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಟೋಬಿ ಓರ್ಡ್, ವಿಲಿಯಂ ಮೆಕ್ಯಾಸ್ಕಿಲ್ ಎಂಬ ಇಬ್ಬರು ಫಿಲಾಸಫಿಯವರು ಇದನ್ನು ಶುರು ಮಾಡಿದರು. ಮೊದಲ ದಿನ ಸೇರಿದವರು 23 ಜನ. ಓರ್ಡ್ ತನ್ನ ಜೀವನಕ್ಕೆ ಇಷ್ಟು ಸಾಕು ಅಂತ ಒಂದು ಗೆರೆ ಎಳೆದುಕೊಂಡು, ಅದರ ಮೇಲೆ ಬಂದದ್ದನ್ನೆಲ್ಲ ಕೊಟ್ಟುಬಿಡುತ್ತೇನೆ ಅಂತ ಹೇಳಿದವರು. ಅಷ್ಟು ದೊಡ್ಡ ಮನಸ್ಸು ನಮಗೆಲ್ಲಿ ಬರಬೇಕು. ಉಳಿದವರಿಗೆ ಅವರು ಇಟ್ಟಿರುವುದು ಆದಾಯದಲ್ಲಿ ನೂರಕ್ಕೆ 10 ಅನ್ನುವ ಪ್ಲೆಡ್ಜ್. ನಿವೃತ್ತಿಯಾಗುವ ತನಕ ಬಂದದ್ದರಲ್ಲಿ ಹತ್ತನೇ ಒಂದು ಪಾಲನ್ನು, ಬೇರೆಯವರ ಬದುಕಿಗೆ ನಿಜಕ್ಕೂ ಉಪಯೋಗ ಆಗುವ ಕಡೆ ಕೊಡುತ್ತೇನೆ ಅಂತ ಮಾತು ಕೊಡುವುದು. ಮಾತು ಅಷ್ಟೇ. ಕಾನೂನಿನ ಪ್ರಕಾರ ನಿಮ್ಮನ್ನು ಯಾರೂ ಕಟ್ಟಿಹಾಕುವುದಿಲ್ಲ, ಬೇಡ ಅನ್ನಿಸಿದರೆ ಹೊರಗೆ ಬರಬಹುದು. ದುಡ್ಡನ್ನು ಅವರಿಗೇ ಕೊಡಬೇಕು ಅಂತಲೂ ಇಲ್ಲ.

ಧೈರ್ಯ ಸಾಲದವರಿಗೆ ಟ್ರಯಲ್ ಪ್ಲೆಡ್ಜ್ ಅಂತ ಇದೆ. ನೂರಕ್ಕೆ 1ರಿಂದ ಶುರು ಮಾಡಬಹುದು, ಎಷ್ಟು ಕಾಲ ಅಂತ ನೀವೇ ಹೇಳಬಹುದು. ನಾನು ಹಿಡಿದದ್ದು ಇದನ್ನೇ.

ಆ ರಾತ್ರಿ ಇನ್ನೂ ಚೆನ್ನಾಗಿ ನೆನಪಿದೆ. ಮನೆಯವರೆಲ್ಲ ಮಲಗಿದ್ದರು. ಅವರ ಸೈಟಿನಲ್ಲಿ ನೂರಕ್ಕೆ ಎಷ್ಟು ಅಂತ ಕೇಳುವ ಪೆಟ್ಟಿಗೆಯೊಳಗೆ 10 ಅಂತ ಟೈಪ್ ಮಾಡಿದೆ, ಅಳಿಸಿದೆ. 5 ಹಾಕಿದೆ, ಮನೆ ಸಾಲದ ಕಂತು ಕಣ್ಣ ಮುಂದೆ ಬಂತು, ಅಳಿಸಿದೆ. 3 ಹಾಕಿ ಸ್ವಲ್ಪ ಹೊತ್ತು ನೋಡಿದೆ. ಹಲ್ಲು ಕೀಳಿಸಿಕೊಳ್ಳುವಾಗ ಡಾಕ್ಟರು ಆಗಿಹೋಯಿತು ಆಗಿಹೋಯಿತು ಅನ್ನುತ್ತಾರಲ್ಲ, ಹಾಗೆ ನನಗೆ ನಾನೇ ಹೇಳಿಕೊಂಡು ಒತ್ತಿದೆ. ಒತ್ತಿದ್ದು 2ಕ್ಕೆ. ಹೌದು, ಕೊನೇ ಗಳಿಗೆಯಲ್ಲಿ ಅದನ್ನೂ ಇಳಿಸಿದೆ.

ಅದೇ ಸೈಟಿನಲ್ಲಿ ಒಂದು ಕ್ಯಾಲ್ಕ್ಯುಲೇಟರ್ ಇದೆ. ನೀವು ಯಾವ ದೇಶ, ತೆರಿಗೆ ಕಳೆದು ಕೈಗೆ ಎಷ್ಟು ಬರುತ್ತದೆ, ಮನೆಯಲ್ಲಿ ದೊಡ್ಡವರೆಷ್ಟು ಮಕ್ಕಳೆಷ್ಟು ಅಂತ ತುಂಬಿದರೆ, ಪ್ರಪಂಚದ ಜನರ ಸಾಲಿನಲ್ಲಿ ನೀವು ಎಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಒಂದೊಂದು ದೇಶದಲ್ಲಿ ದುಡ್ಡಿಗೆ ಏನು ಬರುತ್ತದೆ ಅನ್ನುವ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆಮೇಲೆ ಹತ್ತನೇ ಒಂದು ಪಾಲು ಕೊಟ್ಟ ಮೇಲೆ ನಿಮ್ಮ ಜಾಗ ಎಲ್ಲಿ ಅಂತ ಇನ್ನೊಂದು ಸಂಖ್ಯೆ. ನನ್ನ ಎರಡು ಸಂಖ್ಯೆಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಇದನ್ನು ನೋಡಿ ನಾನು ದೊಡ್ಡ ಮನುಷ್ಯ ಆಗಿಬಿಟ್ಟೆ ಅಂತಲ್ಲ. ಆದರೆ ಆಫೀಸಿನಲ್ಲಿ ಪಕ್ಕದ ಸೀಟಿನವನು ಹೊಸ ಕಾರು ತಗೊಂಡ ವಾರ ನನಗೆ ಆಗುತ್ತಿದ್ದ ಹೊಟ್ಟೆಯುರಿಗೆ ಆ ಸಂಖ್ಯೆ ಸ್ವಲ್ಪ ತಣ್ಣೀರು ಹಾಕಿತು. ಸ್ವಲ್ಪ ಮಾತ್ರ. ಕಾರು ಚೆನ್ನಾಗಿತ್ತು.

ಮಾತು ಕೊಟ್ಟ ಮೇಲೆ ಬೇರೊಂದು ಸಂಸ್ಥೆಗೆ ದುಡ್ಡು ಹೋಗುವ ಹಾಗೆ ಬ್ಯಾಂಕಿನಲ್ಲಿ ಆಟೋ ಡೆಬಿಟ್ ಹಾಕಿಸಿದೆ. ಸಂಬಳ ಬಿದ್ದ ಮಾರನೇ ದಿನವೇ ಕಟ್. ಯಾರಾದರೂ ಶುರು ಮಾಡುವುದಾದರೆ ನನ್ನ ಮೊದಲ ಸಲಹೆ ಇದು: ತಾರೀಖನ್ನು ತಿಂಗಳ ಕೊನೆಗೆ ಇಟ್ಟುಕೊಳ್ಳಬೇಡಿ. ಕೊನೆಗೆ ಏನೂ ಉಳಿಯುವುದಿಲ್ಲ, ಯಾರಿಗೂ ಉಳಿಯುವುದಿಲ್ಲ. ಮೊದಲೇ ಹೋದರೆ ಉಳಿದದ್ದೇ ಸಂಬಳ ಅಂತ ಮನಸ್ಸು ಒಪ್ಪಿಕೊಂಡುಬಿಡುತ್ತದೆ. ನನಗೆ ಎರಡೇ ತಿಂಗಳು ಹಿಡಿಯಿತು. ಮೂರನೇ ತಿಂಗಳು ಕಟ್ ಆದ ಮೆಸೇಜ್ ನೋಡಿ ಇದು ಯಾವ ಕಂತಪ್ಪಾ ಅಂತ ಒಂದು ನಿಮಿಷ ಯೋಚಿಸಿದೆ.

ಅಲ್ಲೇ ಎಡವಟ್ಟಾಯಿತು. ಚೌಕಾಸಿ ನಿಂತಿತು, ಅದು ದೊಡ್ಡ ನೆಮ್ಮದಿ, ಸುಳ್ಳು ಹೇಳುವುದಿಲ್ಲ. ಸಹಾಯ ಕೇಳುವ ಮೆಸೇಜ್ ಬಂದರೆ ಈಗ ಎದೆ ಹಿಂಡುವುದಿಲ್ಲ, ಕೊಡಬೇಕಾದ ಪಾಲು ಆಗಲೇ ಹೋಗಿದೆ, ಜಾಸ್ತಿ ಕೊಡಬೇಕು ಅನ್ನಿಸಿದರೆ ಕೊಡುತ್ತೇನೆ, ಇಲ್ಲ ಅಂದರೆ ಇಲ್ಲ. ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ: ನನಗೆ ಅಂತ ಏನಾದರೂ ತಗೊಂಡರೆ ತಪ್ಪು ಮಾಡಿದ ಹಾಗೆ ಅನ್ನಿಸುವುದು ನಿಂತುಹೋಯಿತು. ಉಳಿದದ್ದು ನನ್ನದು, ಖರ್ಚು ಮಾಡಬಹುದು. ಆದರೆ ಖುಷಿ ಎಲ್ಲಿ? ಕೊಟ್ಟರೆ ಸಿಗುತ್ತದೆ ಅನ್ನುತ್ತಾರಲ್ಲ, ಆ ಖುಷಿ? ಕರೆಂಟ್ ಬಿಲ್ ಕಟ್ಟಿದಾಗ ಯಾರಿಗಾದರೂ ಖುಷಿ ಆಗುತ್ತದಾ?

ಹೆಂಡತಿಗೆ ಹೇಳಿದೆ. "ಮೂರು ತಿಂಗಳಾಯಿತು ಕಣೇ, ಏನೂ ಅನ್ನಿಸ್ತಾನೇ ಇಲ್ಲ."

ಅವಳು ಬಟ್ಟೆ ಮಡಚುತ್ತಿದ್ದಳು. "ಕೊಟ್ಟವರು ನೀವಲ್ಲವಲ್ಲ ರೀ, ಬ್ಯಾಂಕು ಕೊಟ್ಟಿದ್ದು. ಅನ್ನಿಸೋದಾದ್ರೆ ಬ್ಯಾಂಕಿಗೆ ಅನ್ನಿಸಬೇಕು."

ನಕ್ಕು ಸುಮ್ಮನಾದೆ. ಆಮೇಲೆ ಕೂತು ಇದರ ಬಗ್ಗೆ ಸಂಶೋಧನೆ ಮಾಡಿದವರು ಏನು ಹೇಳುತ್ತಾರೆ ಅಂತ ಓದಿದೆ. ಅವಳು ಹೇಳಿದ್ದನ್ನೇ ಅವರೂ ಹೇಳುತ್ತಾರೆ, ಸ್ವಲ್ಪ ಉದ್ದಕ್ಕೆ.

ಎಲ್ಲರೂ ಹೇಳುವ ಪ್ರಯೋಗ ಎಲಿಜಬೆತ್ ಡನ್, ಲಾರಾ ಆಕ್ನಿನ್, ಮೈಕಲ್ ನಾರ್ಟನ್ ಅವರದ್ದು, 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದದ್ದು. ಬೆಳಿಗ್ಗೆ ಜನರ ಕೈಗೆ 5 ಡಾಲರ್ ಅಥವಾ 20 ಡಾಲರ್ ಇರುವ ಕವರ್ ಕೊಟ್ಟರು. ಅರ್ಧ ಜನ ಅದನ್ನು ತಮಗೇ ಖರ್ಚು ಮಾಡಿಕೊಳ್ಳಬೇಕು, ಇನ್ನರ್ಧ ಜನ ಬೇರೆಯವರಿಗೆ ಏನಾದರೂ ಕೊಡಿಸಬೇಕು ಇಲ್ಲ ದಾನ ಮಾಡಬೇಕು, ಸಾಯಂಕಾಲ 5 ಗಂಟೆಯೊಳಗೆ. ಆಮೇಲೆ ಫೋನ್ ಮಾಡಿ ಕೇಳಿದರೆ, ಬೇರೆಯವರಿಗೆ ಖರ್ಚು ಮಾಡಿದವರು ಜಾಸ್ತಿ ಖುಷಿಯಾಗಿದ್ದರು. ದುಡ್ಡು 5 ಇರಲಿ 20 ಇರಲಿ, ಫರಕು ಕಾಣಲಿಲ್ಲ. ಇದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ಅಂಶ: ಹೊರಗಿನವರನ್ನು ಕರೆದು ಇವರಲ್ಲಿ ಯಾರು ಜಾಸ್ತಿ ಖುಷಿಪಟ್ಟಿರಬಹುದು ಅಂತ ಕೇಳಿದರೆ, ಹೆಚ್ಚಿನವರು ತಮಗೇ ಖರ್ಚು ಮಾಡಿಕೊಂಡವರು ಅಂದರಂತೆ. ನಾನೂ ಅದನ್ನೇ ಹೇಳುತ್ತಿದ್ದೆ.

ಆದರೆ ಪ್ರಯೋಗದಲ್ಲಿ ಇದ್ದವರು 46 ಜನ, ಅದೂ ಒಂದು ದಿನದ ಮಾತು. ಒಂದು ದಿನ ಖುಷಿಯಾಗುವುದು ಬೇರೆ, ವರ್ಷಗಟ್ಟಲೆ ಕೊಡುತ್ತಾ ಹೋಗುವುದು ಬೇರೆ, ಅಲ್ವಾ. 2013ರಲ್ಲಿ ಅದೇ ಆಕ್ನಿನ್ ಮತ್ತು ಜೊತೆಯವರು 136 ದೇಶಗಳ ಸಮೀಕ್ಷೆ ಹಿಡಿದು ನೋಡಿದಾಗ 120 ದೇಶಗಳಲ್ಲಿ ದಾನ ಮಾಡಿದವರು ಹೆಚ್ಚು ಸಂತೋಷವಾಗಿದ್ದಾರೆ ಅಂತ ಕಂಡಿತು. ಇದಕ್ಕೂ ನಾನು ಪೂರ್ತಿ ಬೀಳುವುದಿಲ್ಲ. ಸಂತೋಷವಾಗಿ ಇರುವವರೇ ಜಾಸ್ತಿ ಕೊಡುತ್ತಾರೋ ಏನೋ.

ನನ್ನ ತೊಂದರೆಗೆ ಹತ್ತಿರ ಬಂದದ್ದು ಎಡ್ ಓಬ್ರಿಯನ್, ಸಮಂತಾ ಕ್ಯಾಸಿರರ್ ಅವರ ಪ್ರಯೋಗ. ವಿದ್ಯಾರ್ಥಿಗಳಿಗೆ ದಿನಕ್ಕೆ 5 ಡಾಲರ್ ಹಾಗೆ 5 ದಿನ ಕೊಟ್ಟು, ಪ್ರತಿ ದಿನ ಅದೇ ಒಂದಕ್ಕೆ ಖರ್ಚು ಮಾಡಿ ಅಂದರು. ಕೆಲವರು ತಮಗೆ, ಕೆಲವರು ಬೇರೆಯವರಿಗೆ. ತಮಗೇ ಖರ್ಚು ಮಾಡಿಕೊಂಡವರ ಖುಷಿ ದಿನದಿಂದ ದಿನಕ್ಕೆ ಇಳಿಯುತ್ತಾ ಬಂತು. ಹೊಸ ಅಂಗಿ ಹಳೇ ಅಂಗಿ ಆಗುವ ಹಾಗೆ. ಕೊಟ್ಟವರ ಖುಷಿ ಅಷ್ಟು ಬೇಗ ಸವೆಯಲಿಲ್ಲ. ಅಂದರೆ ಮತ್ತೆ ಮತ್ತೆ ಕೊಟ್ಟರೂ ಅದು ಹಳತಾಗುವುದು ನಿಧಾನ. ಮತ್ತೆ ನನ್ನದು ಮೂರೇ ತಿಂಗಳಿಗೆ ಯಾಕೆ ಹಳತಾಯಿತು? ಅವರು ಪ್ರತಿ ದಿನ ಕೈಯಾರೆ ಕೊಟ್ಟಿದ್ದರು. ನಾನು ಒಂದೇ ಸಲ ಕೊಟ್ಟು, ಉಳಿದದ್ದನ್ನು ಮೆಷಿನ್ನಿಗೆ ಬಿಟ್ಟಿದ್ದೆ.

ಇನ್ನೊಂದು ಕಾರಣವೂ ಇತ್ತು. ಡನ್ ಮತ್ತು ಆಕ್ನಿನ್ ಇದ್ದ ತಂಡವೇ ಆಮೇಲೆ ಎರಡು ಥರದ ದೇಣಿಗೆ ಹೋಲಿಸಿ ನೋಡಿತು. ಒಂದು ಕಡೆ ದೊಡ್ಡ ಸಂಸ್ಥೆಯ ಒಟ್ಟು ನಿಧಿ, ಇನ್ನೊಂದು ಕಡೆ ಇಷ್ಟು ದುಡ್ಡಿಗೆ ಒಂದು ಸೊಳ್ಳೆಪರದೆ ಅಂತ ಕಣ್ಣಿಗೆ ಕಟ್ಟುವ ಹಾಗೆ ಹೇಳುವ ಕೆಲಸ. ಪರದೆಗೆ ಜಾಸ್ತಿ ಕೊಟ್ಟಷ್ಟೂ ಖುಷಿ ಏರಿತು, ಒಟ್ಟು ನಿಧಿಗೆ ಕೊಟ್ಟಾಗ ಹಾಗೆ ಏರಲಿಲ್ಲ. ದುಡ್ಡು ಹೋಗಿ ಏನಾಯಿತು ಅಂತ ಕಾಣಬೇಕು. ನಾನು ಆಟೋ ಡೆಬಿಟ್ ಹಾಕಿದ್ದ ಸಂಸ್ಥೆಯಿಂದ ನನಗೆ ಬರುತ್ತಿದ್ದದ್ದು ಒಂದು ರಸೀದಿ, ಮತ್ತೆ ವರ್ಷಕ್ಕೊಂದು ಹೊಳೆಯುವ ಕಾಗದದ ಪುಸ್ತಕ. ಅದರಲ್ಲಿ ಅಧ್ಯಕ್ಷರ ಫೋಟೋ ಇತ್ತು.

ಹೆಸರು ಹೇಳುವುದಿಲ್ಲ. ಅವರ ಬಗ್ಗೆ ನನ್ನ ದೂರು ಇದೊಂದೇ ಅಲ್ಲ. ಕೊಡಲು ಶುರು ಮಾಡಿದ ಮೇಲೆ ಜಾಸ್ತಿ ಕೊಡಿ ಅಂತ ಫೋನು ಶುರುವಾಯಿತು. ಪಾಪ, ಫೋನ್ ಮಾಡುವ ಹುಡುಗಿಗೂ ಟಾರ್ಗೆಟ್ ಇರುತ್ತದೆ, ಬೈಯಲು ಮನಸ್ಸು ಬರುವುದಿಲ್ಲ. ಆದರೆ ಮೀಟಿಂಗ್ ಮಧ್ಯೆ ಮೂರನೇ ಸಲ ಫೋನ್ ಬಂದು, ಮಕ್ಕಳು ಕಾಯುತ್ತಿದ್ದಾರೆ ಸಾರ್ ಅಂದರೆ, ಒಳಗೆ ಏನೋ ಮುದುಡಿಕೊಳ್ಳುತ್ತದೆ. ನಿಲ್ಲಿಸಲು ಹೋದರೆ ಅದು ಇನ್ನೊಂದು ಕಥೆ. ಶುರು ಮಾಡಲು ಎರಡು ಕ್ಲಿಕ್ ಸಾಕಿತ್ತು, ನಿಲ್ಲಿಸಲು ಸಹಿ ಹಾಕಿದ ಪತ್ರ ಬೇಕಂತೆ. ಪತ್ರ ಕಳಿಸಿದೆ. ಮುಂದಿನ ತಿಂಗಳೂ ಕಟ್ ಆಯಿತು. ಕೊನೆಗೆ ಬ್ಯಾಂಕಿನಲ್ಲೇ ರದ್ದು ಮಾಡಿಸಿದೆ. ನೀವು ಶುರು ಮಾಡುವ ಮುಂಚೆ, ಬೇಡ ಅಂದಾಗ ನಿಲ್ಲಿಸುವುದು ಹೇಗೆ ಅಂತ ಮೊದಲು ಕೇಳಿ. ಆ ಪ್ರಶ್ನೆಗೆ ತಡವರಿಸುವವರಿಗೆ ಕೊಡಬೇಡಿ.

ಆಮೇಲೆ ಪಾಲನ್ನು ಎರಡು ಭಾಗ ಮಾಡಿದೆ. ದೊಡ್ಡ ಭಾಗ ಈಗಲೂ ಆಟೋ ಡೆಬಿಟ್, ಆದರೆ ಕೆಲಸವನ್ನು ಹೊರಗಿನವರು ಲೆಕ್ಕ ಹಾಕಿ ನೋಡಿದ ಕಡೆಗೆ. ಇದನ್ನು ಹುಡುಕಲು, ಕೊಟ್ಟ ದುಡ್ಡಿಗೆ ಎಲ್ಲಿ ಎಷ್ಟು ಕೆಲಸ ಆಗುತ್ತದೆ ಅಂತ ಅಳೆದು ನೋಡುವ ಗಿವ್‌ವೆಲ್ ಅನ್ನುವ ಸಂಸ್ಥೆ ಉಪಯೋಗಕ್ಕೆ ಬಂತು. 2007ರಲ್ಲಿ ಹೋಲ್ಡನ್ ಕಾರ್ನಾಫ್‌ಸ್ಕಿ, ಎಲಿ ಹ್ಯಾಸನ್‌ಫೆಲ್ಡ್ ಅಂತ ಇಬ್ಬರು ಶುರು ಮಾಡಿದ್ದು. ಇಬ್ಬರೂ ಹೂಡಿಕೆ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು, ದುಡ್ಡು ಹಾಕುವಾಗ ಕೇಳುವ ಪ್ರಶ್ನೆಗಳನ್ನು ದಾನ ಮಾಡುವಾಗಲೂ ಕೇಳಬೇಕು ಅಂದವರು. ಒಂದು ಜೀವ ಉಳಿಸಲು ಸುಮಾರು ಎಷ್ಟು ಖರ್ಚಾಗುತ್ತದೆ ಅಂತ ಲೆಕ್ಕದ ಹಾಳೆ ಸಮೇತ ಹಾಕುತ್ತಾರೆ, ತಾವು ಎಲ್ಲಿ ತಪ್ಪಿದೆವು ಅಂತಲೂ ಒಂದು ಪುಟ ಬರೆದಿಟ್ಟಿದ್ದಾರೆ. ಅವರ ಪಟ್ಟಿ ಚಿಕ್ಕದು: ಮಲೇರಿಯಾ ತಡೆಯುವ ಪರದೆ, ಮಲೇರಿಯಾ ಕಾಲದಲ್ಲಿ ಮಕ್ಕಳಿಗೆ ಕೊಡುವ ಮಾತ್ರೆ, ವಿಟಮಿನ್ ಎ, ಲಸಿಕೆ. ಕೇಳಲು ಬೋರು. ಕಣ್ಣೀರು ತರಿಸುವ ಫೋಟೋ ಇಲ್ಲ. ನನಗೆ ಇದೇ ಸಮಾಧಾನ, ಮರೆತರೂ ಕೆಲಸ ಆಗುತ್ತಿರುತ್ತದೆ.

ಚಿಕ್ಕ ಭಾಗವನ್ನು ಕೈಯಾರೆ ಕಳಿಸುತ್ತೇನೆ. ಪ್ರತಿ ತಿಂಗಳು, ನೆನಪಿಟ್ಟುಕೊಂಡು, ಕೂತು, ಮೊತ್ತ ಟೈಪ್ ಮಾಡಿ. ಅದು ಹೋಗುವುದು ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸುವ ನಾಲ್ಕೈದು ಜನರ ಗುಂಪಿಗೆ. ವೆಬ್‌ಸೈಟು ಇಲ್ಲ, ಪುಸ್ತಕ ಇಲ್ಲ. ತಿಂಗಳಿಗೊಮ್ಮೆ ಎರಡು ಮೂರು ಸಾಲಿನ ಮೇಲ್ ಬರುತ್ತದೆ, ಅದರಲ್ಲೂ ಕಾಗುಣಿತ ತಪ್ಪು. ಒಂದು ತಿಂಗಳು ಹೀಗಿತ್ತು: ಒಬ್ಬ ಹುಡುಗ ಕನ್ನಡಕ ಸಿಕ್ಕಿದ ವಾರದಲ್ಲೇ ಆಟ ಆಡುವಾಗ ಮುರಿದುಕೊಂಡಿದ್ದಾನೆ, ಬೈಗುಳ ತಿಂದಿದ್ದಾನೆ, ಎರಡನೆಯದು ಕೊಟ್ಟಿದ್ದೇವೆ, ಈ ಸಲ ದಾರ ಕಟ್ಟಿದ್ದೇವೆ. ಅಷ್ಟೇ. ಅದನ್ನು ನಾನು ಆಫೀಸಿನ ಲಿಫ್ಟ್‌ನಲ್ಲಿ ನಿಂತು ಓದಿದೆ, ನನ್ನ ಮಹಡಿ ಬಂದು ಬಾಗಿಲು ತೆರೆದು ಮತ್ತೆ ಮುಚ್ಚಿಕೊಂಡಿತು. ಆ ದಾರ ಹೇಗಿರಬಹುದು, ಯಾವ ಬಣ್ಣ, ಅವನು ಅದನ್ನೂ ಎಷ್ಟು ದಿನಕ್ಕೆ ಕೀಳಬಹುದು ಅಂತೆಲ್ಲ ಯೋಚಿಸುತ್ತಾ ಮೂರು ಮಹಡಿ ಮೇಲೆ ಹೋಗಿ ಮೆಟ್ಟಿಲು ಇಳಿದು ಬಂದೆ.

ಲೆಕ್ಕದ ಪ್ರಕಾರ ನೋಡಿದರೆ ಈ ದುಡ್ಡೂ ಮಲೇರಿಯಾಕ್ಕೇ ಹೋಗಬೇಕಿತ್ತೇನೋ. ಗೊತ್ತು. ಕಟ್ಟುನಿಟ್ಟಿನವರು ಬೈಯಲಿ. ಈ ಚಿಕ್ಕ ಭಾಗ ಇಲ್ಲದೆ ಇದ್ದಿದ್ದರೆ ನಾನು ದೊಡ್ಡ ಭಾಗವನ್ನೂ ಯಾವತ್ತೋ ನಿಲ್ಲಿಸಿರುತ್ತಿದ್ದೆ ಅಂತ ನನಗೆ ನನ್ನ ಬಗ್ಗೆ ಗೊತ್ತು.

ಎರಡನೇ ವರ್ಷ ಕೆಲಸ ಬದಲಾಯಿಸುವಾಗ ಎರಡು ತಿಂಗಳು ಸಂಬಳ ಇರಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಎಲ್ಲರಿಗೂ ಇರುವ ಹೆದರಿಕೆ ಇದೇ. ಪರ್ಸೆಂಟ್ ಲೆಕ್ಕದ ಅನುಕೂಲ ಆಗ ಗೊತ್ತಾಯಿತು. ಆದಾಯ ಸೊನ್ನೆ ಆದರೆ ಅದರಲ್ಲಿ ನೂರಕ್ಕೆ ಎಷ್ಟಾದರೂ ಸೊನ್ನೆಯೇ. ಯಾರಿಗೂ ಮಾತು ತಪ್ಪಿದ ಹಾಗಾಗಲಿಲ್ಲ. ಆಟೋ ಡೆಬಿಟ್ ನಿಲ್ಲಿಸಿದೆ, ಕನ್ನಡಕದ ಗುಂಪಿಗೆ ಎರಡು ತಿಂಗಳು ಆಗುವುದಿಲ್ಲ ಅಂತ ಮೇಲ್ ಹಾಕಿದೆ. ಪರವಾಗಿಲ್ಲ ಸಾರ್, ಕೆಲಸ ಸಿಗಲಿ ಅಂತ ಉತ್ತರ ಬಂತು. ವಿಚಿತ್ರ ಅಂದರೆ ಆ ಎರಡು ತಿಂಗಳು ಏನೋ ಕಳೆದುಕೊಂಡ ಹಾಗಿತ್ತು. ದುಡ್ಡಿಲ್ಲ ಅನ್ನುವ ಚಿಂತೆಯ ಜೊತೆ, ಕೊಡುವವರ ಸಾಲಿನಿಂದ ಈಚೆ ಬಂದು ನಿಂತ ಹಾಗೆ. ಹೊಸ ಕೆಲಸದ ಮೊದಲ ಸಂಬಳ ಬಂದ ದಿನ ನಾನು ಮೊದಲು ಮಾಡಿದ್ದು ಆ ಡೆಬಿಟ್ ಮತ್ತೆ ಶುರು ಮಾಡಿದ್ದು. ಆವತ್ತು ಖುಷಿ ಆಯಿತಾ ಅಂದರೆ, ಹೌದು, ಆಯಿತು. ಮೆಷಿನ್ನು ಕೊಡುವ ಭಾಗಕ್ಕೂ ಆಯಿತು.

ಯಾರಿಗೆ ಇದು ಬೇಡ ಅಂತಲೂ ಹೇಳಿಬಿಡುತ್ತೇನೆ. ಕ್ರೆಡಿಟ್ ಕಾರ್ಡ್ ಬಾಕಿ ಬೆಳೆಯುತ್ತಿದ್ದರೆ ಮೊದಲು ಅದನ್ನು ತೀರಿಸಿ. ಆ ಬಡ್ಡಿ ಕಟ್ಟಿಕೊಂಡು ದಾನ ಮಾಡುವುದು ಅಂದರೆ ಬ್ಯಾಂಕಿಗೂ ಸೇರಿಸಿ ದಾನ ಮಾಡಿದ ಹಾಗೆ. ಎರಡು ಮೂರು ತಿಂಗಳ ಖರ್ಚಿಗೆ ಆಗುವಷ್ಟು ದುಡ್ಡು ಕೈಯಲ್ಲಿಲ್ಲದವರೂ ಕಾಯಬಹುದು. ಮನೆಯಲ್ಲಿ ಇನ್ನೊಬ್ಬರಿಗೆ ಹೇಳದೆ ಶುರು ಮಾಡುವವರಿಗಂತೂ ಖಂಡಿತ ಬೇಡ, ನೆಮ್ಮದಿ ಹುಡುಕಿಕೊಂಡು ಹೋಗಿ ಜಗಳ ತಂದುಕೊಳ್ಳುತ್ತೀರಿ. ಮತ್ತೆ ಕೊಟ್ಟದ್ದಕ್ಕೆ ಯಾರಾದರೂ ಧನ್ಯವಾದ ಹೇಳುತ್ತಾರೆ ಅಂತ ಕಾಯುವವರಿಗೂ ಇದು ಹಿಡಿಸುವುದಿಲ್ಲ. ಪರದೆಯೊಳಗೆ ಮಲಗಿದ ಮಗುವಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ.

ಸ್ಟಾರ್ ಕೊಡಬೇಕು ಅಂದರೆ ಐದಕ್ಕೆ ನಾಲ್ಕು. ಒಂದು ಕಿತ್ತುಕೊಂಡದ್ದು ಆ ಫೋನುಗಳಿಗೆ, ಸಹಿ ಹಾಕಿದ ಪತ್ರಕ್ಕೆ, ಮತ್ತೆ ಮೊದಲ ಮೂರು ತಿಂಗಳು ಏನೂ ಅನ್ನಿಸದೆ ಇದ್ದದ್ದಕ್ಕೆ, ಅದರಲ್ಲಿ ಅರ್ಧ ತಪ್ಪು ನನ್ನದೇ ಆದರೂ. 2ರಿಂದ ಶುರು ಮಾಡಿದ್ದು ಈಗ 6ಕ್ಕೆ ಬಂದಿದೆ. ಸಂಬಳ ಏರಿದಾಗಲೆಲ್ಲ ಏರಿದ್ದರಲ್ಲೇ ಸ್ವಲ್ಪ ಸೇರಿಸುತ್ತಾ ಹೋದದ್ದರಿಂದ, ಕೈಗೆ ಬರುವುದು ಯಾವ ವರ್ಷವೂ ಹಿಂದಿನ ವರ್ಷಕ್ಕಿಂತ ಕಮ್ಮಿ ಆಗಲಿಲ್ಲ. 10ಕ್ಕೆ ಹೋಗುತ್ತೇನಾ? ಹೆಂಡತಿ ಮನೆ ಸಾಲ ಮುಗಿಯಲಿ ಅನ್ನುತ್ತಾಳೆ. ಅವಳ ಮಾತು ಸರಿ ಇರುತ್ತದೆ ಸಾಮಾನ್ಯವಾಗಿ.

ಇವತ್ತು ತಾರೀಖು 9. ಕೈಯಿಂದ ಕಳಿಸುವ ಭಾಗ ಈ ತಿಂಗಳು ಇನ್ನೂ ಹೋಗಿಲ್ಲ, ಇದನ್ನು ಬರೆಯುತ್ತಾ ಕೂತವನಿಗೆ ಈಗ ನೆನಪಾಯಿತು.